ಅಂಕಿಗೆ ಅಕ್ಕಪಕ್ಕವಿಲ್ಲ

ಜನವರಿ 8

ತಮ್ಮಾ,

ಮೊನ್ನೆ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮೀಟರು ನೋಡಿ ಮುಖ ಗಂಟಿಕ್ಕಿದರು. "ದಿನಕ್ಕೆ ಅರ್ಧ ಗಂಟೆ ಸುಮ್ನೆ ಕೂತ್ಕೊಳ್ಳಿ" ಅಂದರು. ಸುಮ್ಮನೆ ಕೂತರೆ ಒಗೆಯದೆ ಬಿದ್ದಿರುವ ಬೆಡ್‌ಶೀಟುಗಳೇ ಕಣ್ಣ ಮುಂದೆ ಬರುತ್ತವೆ ಎಂದೆ. "ಹಾಗಿದ್ರೆ ಮೀನು ಸಾಕಿ. ಅವನ್ನ ನೋಡ್ತಾ ಕೂತ್ಕೊಳ್ಳಿ" ಅಂದರು. ನಿನ್ನ ಭಾವನಿಗೆ ಅಷ್ಟೇ ಸಾಕಾಯಿತು. ಅದೇ ಸಂಜೆ ಮೂರಡಿ ಉದ್ದದ ಗಾಜಿನ ತೊಟ್ಟಿ ಹೊತ್ತುಕೊಂಡು ಬಂದು ಲಾಂಡ್ರಿಯ ಮುಂದಿನ ಕೋಣೆಯಲ್ಲಿ, ಗಿರಾಕಿಗಳು ಕೂರುವ ಬೆಂಚಿನ ಎದುರಿಗೆ ಇಟ್ಟಿದ್ದಾರೆ. ಇನ್ನೂ ಬರಿದಾಗಿದೆ. ಇದರಲ್ಲಿ ಬಟ್ಟೆ ನೆನೆಹಾಕುತ್ತೀರಾ ಎಂದು ಬಂದವರೆಲ್ಲ ಕೇಳುತ್ತಾರೆ.

ನಿನ್ನ ಭಾವನಿಗೆ ದಪ್ಪಗೆ ಕೆನ್ನೆ ಉಬ್ಬಿಸಿಕೊಂಡ ಬಂಗಾರದ ಮೀನು ಬೇಕಂತೆ. ನನಗೆ ಗಲಾಟೆ ಮಾಡದ ಯಾವುದಾದರೂ ಸರಿ. ನೀನು ಹದಿನಾಲ್ಕು ವರ್ಷದಿಂದ ಅದರಲ್ಲೇ ಮುಳುಗಿದವನು. ಮದುವೆಯಾಗು ಅಂದರೆ ಮೀನಿಗೆ ಊಟ ಯಾರು ಹಾಕುತ್ತಾರೆ ಎಂದು ಕೇಳಿದವನು. ಆದ್ದರಿಂದ ನೀನೇ ಆರಿಸು. ಎರಡು ಸಾಲಿನಲ್ಲಿ ಹೇಳು, ಉಪನ್ಯಾಸ ಬೇಡ.

ಫೋನು ಮಾಡಬೇಡ. ಹೋದ ವರ್ಷ ಫೋನಿನಲ್ಲಿ ಆಡಿದ ಜಗಳವೇ ಸಾಕು. ಯಂತ್ರಗಳ ಸದ್ದಿನಲ್ಲಿ ನನಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ಸಿಟ್ಟು ಬರುತ್ತದೆ. ಬರೆ.

ನಿನ್ನ ಅಕ್ಕ

*

ಜನವರಿ 17

ಅಕ್ಕ,

ಎರಡು ಸಾಲಿನ ವಿಷಯವಾಗಿದ್ದರೆ ಮೀನಿನ ಅಂಗಡಿಯವನೇ ಹೇಳುತ್ತಿದ್ದ.

ಜನ ಮೊದಲು ಮೀನು ಆರಿಸುತ್ತಾರೆ, ಆಮೇಲೆ ನೀರಿನ ಬಗ್ಗೆ ಕೇಳುತ್ತಾರೆ. ಅದು ತಲೆಕೆಳಗು. ಮೊದಲು ನಿನ್ನ ನಲ್ಲಿಯಲ್ಲಿ ಬರುವ ನೀರು ಎಂಥದು ಎಂದು ನೋಡಬೇಕು, ಆಮೇಲೆ ಆ ನೀರಿಗೆ ಒಗ್ಗುವ ಮೀನು ತರಬೇಕು. ಗಡಸು ನೀರಿನಲ್ಲೂ ಹಾಯಾಗಿರುವ ಗಟ್ಟಿ ಜಾತಿಗಳು ಬೇಕಾದಷ್ಟಿವೆ. ಮೀನಿಗಾಗಿ ನೀರನ್ನು ತಿದ್ದಲು ಹೊರಟವರು ಜೀವನವಿಡೀ ತಿದ್ದುತ್ತಲೇ ಇರುತ್ತಾರೆ.

ಇಷ್ಟು ಹೇಳಿ ನಾನೇ ಈ ಮಾತು ಮುರಿಯುತ್ತಿದ್ದೇನೆ. ನನ್ನ ಮೀನನ್ನೇ ನಿನಗೆ ಕಳಿಸುತ್ತೇನೆ. ಇವು ಕುಬ್ಜ ಸಿಕ್ಲಿಡ್. ಗಂಡು ನಿನ್ನ ಹೆಬ್ಬೆರಳಿಗಿಂತ ತುಸು ಉದ್ದ, ಹೆಣ್ಣು ಕಿರುಬೆರಳಿನಷ್ಟು. ಗಂಡಿನ ಬಾಲದಲ್ಲಿರುವ ನೀಲಿ ಅಂಗಡಿಯ ಮೀನುಗಳಲ್ಲಿ ಇಲ್ಲ. ಪ್ರತಿ ಸಲ ಮರಿಯಾದಾಗಲೂ ಒಂದೊಂದನ್ನೇ ಕೂತು ನೋಡಿ, ಆ ನೀಲಿ ಇದ್ದವನ್ನು ಮಾತ್ರ ಉಳಿಸಿಕೊಂಡು ಬಂದಿದ್ದೇನೆ. ಹತ್ತೊಂಬತ್ತು ತಲೆಮಾರು. ಮನೆ ಮಾಲೀಕರು ಗೋಡೆಗೆ ತೇವ ಹಿಡಿಯುತ್ತದೆ ಅಂದದ್ದರಿಂದ ನನ್ನ ತೊಟ್ಟಿಗಳನ್ನೆಲ್ಲ ತೆಗೆದುಬಿಟ್ಟೆ. ಉಳಿದಿರುವುದು ಇದೊಂದೇ ಜೋಡಿ. ವಯಸ್ಸು ಒಂದೂಕಾಲು ವರ್ಷ, ಮರಿ ಮಾಡಿದರೆ ಈ ವರ್ಷವೇ ಮಾಡಬೇಕು. ನಿನ್ನಲ್ಲಿ ಮರಿಯಾಗದಿದ್ದರೆ ಈ ಮೀನು ಅಲ್ಲಿಗೆ ಮುಗಿಯಿತು, ಬೇರೆಲ್ಲೂ ಇಲ್ಲ.

ತಳಕ್ಕೆ ಮರಳು ಹರಡು. ಬಾಯೊಡೆದ ಸಣ್ಣ ಮಣ್ಣಿನ ಕುಂಡವೊಂದನ್ನು ಕವುಚಿಡು, ಮೊಟ್ಟೆ ಅದರೊಳಗೆ ಇಡುತ್ತದೆ. ಮೀನಿನ ಜೊತೆ ಒಣಗಿದ ಬಾದಾಮಿ ಮರದ ಎಲೆ ಕಳಿಸುತ್ತೇನೆ, ಎರಡು ಹಾಕು. ಚಹಾದ ಬಣ್ಣ ಬಂದರೆ ಹೆದರಬೇಡ. ನೀರು ಮೆದುವಾಗಿರಬೇಕು, ಸ್ವಲ್ಪ ಹುಳಿಯಾಗಿಯೂ ಇರಬೇಕು. ಬಟ್ಟೆಯಲ್ಲಿ ಸೋಪು ಉಳಿದಿದೆಯೇ ಎಂದು ನೋಡಲು ನಿನ್ನ ಹತ್ತಿರ ಬಣ್ಣದ ಕಾಗದ ಇದೆಯಲ್ಲ, ಅದನ್ನು ಅದ್ದಿ, ಬಂದ ಅಂಕಿಯನ್ನು ಮಾತ್ರ ಬರೆ. ನೀನಾಗಿ ಅರ್ಥ ಮಾಡಬೇಡ. ಅರ್ಥ ನಾನು ಮಾಡುತ್ತೇನೆ.

ತಮ್ಮ

*

ಫೆಬ್ರವರಿ 3

ಮುಳ್ಳು,

ಚಿಕ್ಕಂದಿನ ಹೆಸರೇ ನಿನಗೆ ಸರಿ. ಗಡಿಯಾರ ರಿಪೇರಿಗೆ ಕೂತಮೇಲೆ ಆ ಹೆಸರಿಗೆ ಬೇರೆ ಅರ್ಥ ಬಂತು, ನೀನು ಚುಚ್ಚುವುದು ಅದಕ್ಕೂ ಹಳೆಯದು.

ನಿನ್ನ ಅಂಗಡಿ ಎದುರಿನ ಟೈಲರ ಅಳಿಯ ಡಬ್ಬಿಯನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದನಂತೆ. ಎರಡೂ ಕ್ಷೇಮ. ಗಿರಾಕಿಯೊಬ್ಬರು ಹೆಸರು ಕೇಳಿದರು, ಸಿಕ್ಲಿಡ್ ಎಂದೆ. "ಸಿಕ್ಕಲ್ಲಿಡು ಅಂತಾನಾ?" ಅಂದರು. ಈಗ ಈ ಬೀದಿಗೆಲ್ಲ ಅವು ಸಿಕ್ಕಲ್ಲಿಡು ಮೀನು.

ನೀರಿನ ವಿಷಯದಲ್ಲಿ ನನಗೆ ಪಾಠ ಬೇಡ. ಇಪ್ಪತ್ತೆರಡು ವರ್ಷದಿಂದ ನೀರಿನಲ್ಲಿ ಕೈಯಿಟ್ಟೇ ಬದುಕಿದ್ದೇನೆ. ನಮ್ಮದು ಬೋರ್ ನೀರು, ಗಡಸು. ಅದಕ್ಕೇ ಹಿಂದುಗಡೆ ನೀರು ಮೆದು ಮಾಡುವ ಯಂತ್ರ ಹಾಕಿಸಿದ್ದು. ಅದರ ನೀರಿಗೆ ಚಿಟಿಕೆ ಸೋಪಿನ ಪುಡಿ ಹಾಕಿದರೆ ಬಕೆಟ್ಟು ತುಂಬ ನೊರೆ. ತೊಟ್ಟಿಗೆ ಅದನ್ನೇ ತುಂಬಿದ್ದೇನೆ. ಬಣ್ಣದ ಕಾಗದ ಅದ್ದಿದೆ, 8 ಬಂತು. ಅಂಕಿ ಬರೆ ಅಂದೆ, ಬರೆದಿದ್ದೇನೆ. ಅರ್ಥ ಮಾಡುವವನು ನೀನು.

ಅಲ್ಲ, ಅಷ್ಟು ದೊಡ್ಡ ಅಕ್ಷರ ಯಾಕೆ? ಒಂದು ಹಾಳೆಗೆ ಐದೇ ಸಾಲು. ಒಂದನೇ ಕ್ಲಾಸಿನ ಹುಡುಗಿಗೆ ಬರೆದ ಹಾಗಿದೆ. ನಿಧಾನವಾಗಿ ದೊಡ್ಡದಾಗಿ ಹೇಳಿದರೆ ಅಕ್ಕನ ತಲೆಗೆ ಹೋಗುತ್ತದೆ ಅಂದುಕೊಂಡೆಯಾ? ನೋಡು, ನಾನು ಲಾಂಡ್ರಿಯ ಬಿಲ್ ಪುಸ್ತಕದ ಒಂದೇ ಚೀಟಿಯಲ್ಲಿ ಇಷ್ಟನ್ನೂ ಹಿಡಿಸಿದ್ದೇನೆ.

ನಿನ್ನ ಅಕ್ಕ

*

ಫೆಬ್ರವರಿ 14

ಅಕ್ಕ,

ನಿನ್ನ ಅಂಕಿಯನ್ನು ಎರಡು ಸಲ ಓದಿದೆ. ಇಷ್ಟು ಒಳ್ಳೆಯ ಸುದ್ದಿ ಬರುತ್ತದೆ ಎಂದು ಅಂದುಕೊಂಡಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ. ಇನ್ನು ಆ ನೀರಿನ ತಂಟೆಗೆ ಹೋಗಬೇಡ. ನಿಂಬೆಹಣ್ಣು, ಉಪ್ಪು, ಔಷಧಿ ಏನೂ ಬೇಡ. ವಾರಕ್ಕೊಮ್ಮೆ ಕಾಲು ಭಾಗ ತೆಗೆದು ಅದೇ ನೀರನ್ನೇ ಹಾಕು.

ಸ್ವಲ್ಪ ದೊಡ್ಡದಾಗಿ, ಕಪ್ಪು ಶಾಯಿಯಲ್ಲಿ ಬರೆ. ನಿನ್ನ ಅಕ್ಷರ ಇರುವೆ ಸಾಲಿನ ಹಾಗಿದೆ.

ತಮ್ಮ

*

ಮಾರ್ಚ್ 2

ಮುಳ್ಳು,

ನನ್ನ ಅಕ್ಷರಕ್ಕೂ ತಪ್ಪು ಹಿಡಿದೆಯಾ. ಸರಿ, ಇದಕ್ಕಿಂತ ಚಿಕ್ಕದಾಗಿಯೂ ಬರೆಯಬಲ್ಲೆ.

ನಿನ್ನ ಹೆಣ್ಣು ಮೀನಿಗೆ ಕಾಯಿಲೆ. ಬಂದಾಗ ಬೂದು ಬಣ್ಣಕ್ಕಿತ್ತು. ಸೋಮವಾರ ನೋಡಿದರೆ ಮೈಯೆಲ್ಲ ಹಳದಿ, ಹೊಟ್ಟೆ ಹಳದಿ, ರೆಕ್ಕೆಯೂ ಹಳದಿ. ಕಾಮಾಲೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ತಲೆಯೂ ಕೆಟ್ಟಿರಬೇಕು. ತನಗಿಂತ ಎರಡರಷ್ಟಿರುವ ಗಂಡನನ್ನು ಅಟ್ಟಾಡಿಸಿ ಕಚ್ಚುತ್ತದೆ. ಗಂಡು ತೊಟ್ಟಿಯ ಗಾಳಿ ಪೈಪಿನ ಹಿಂದೆ ಮುದುರಿಕೊಂಡು ನಿಂತದ್ದನ್ನು ನೋಡಿ ನಿನ್ನ ಭಾವನಿಗೆ ತುಂಬ ಮರುಕವಾಯಿತು.

ರೋಗ ಗಂಡಿಗೂ ಅಂಟಬಾರದು ಎಂದು ಹೆಣ್ಣನ್ನು ಹಿಡಿದು ಬೇರೆ ಬಕೆಟ್ಟಿನಲ್ಲಿ ಬಿಟ್ಟಿದ್ದೇನೆ. ಎರಡು ದಿನಕ್ಕೇ ಹಳದಿ ಇಳಿದಿದೆ. ಸರಿಯಾದ ಸಮಯಕ್ಕೆ ನೋಡಿದೆ ಅನ್ನಬೇಕು.

ನಿನ್ನ ಅಕ್ಕ

*

ಮಾರ್ಚ್ 10

ಅಕ್ಕ,

ಅದು ಕಾಮಾಲೆಯಲ್ಲ. ಅದು ಬಾಣಂತಿ.

ಮೊಟ್ಟೆ ಇಟ್ಟ ಹೆಣ್ಣು ಹಳದಿಯಾಗುತ್ತದೆ. ಮೊಟ್ಟೆ ಕಾಯಲು ಗಂಡನನ್ನೂ ಹತ್ತಿರ ಬಿಡುವುದಿಲ್ಲ. ನಾನು ವರ್ಷಗಟ್ಟಲೆ ಕಾಯುತ್ತಿದ್ದದ್ದೇ ಆ ಹಳದಿಗೆ. ನೀನು ಬಾಣಂತಿಯನ್ನು ಎತ್ತಿ ಬಕೆಟ್ಟಿಗೆ ಹಾಕಿದೆ. ಕುಂಡದೊಳಗೆ ಬೆರಳಿಟ್ಟು ನೋಡಿದ್ದರೆ ಸಾಕಿತ್ತು. ಒಂದು ಕಾಗದ ಬರೆದು ಕೇಳಿದ್ದರೂ ಸಾಕಿತ್ತು.

ತಕ್ಷಣ ತಿರುಗಿ ಬಿಡು. ಇನ್ನು ಮುಂದೆ ಅದು ಕೆಂಪಾಗಲಿ, ಕಪ್ಪಾಗಲಿ, ಕೈ ಹಾಕಬೇಡ.

ತಮ್ಮ

*

ಏಪ್ರಿಲ್ 6

ಮುಳ್ಳು,

ಕೈ ಹಾಕಲಿಲ್ಲ. ಕೈ ಕಟ್ಟಿಕೊಂಡೇ ಕೂತಿದ್ದೆ. ಮತ್ತೆ ಹಳದಿಯಾಯಿತು. ಟಾರ್ಚು ಬಿಟ್ಟು ನೋಡಿದೆ, ಕುಂಡದ ಒಳಮೇಲ್ಭಾಗಕ್ಕೆ ಕೆಂಪು ಮಣಿ ಪೋಣಿಸಿದ ಹಾಗೆ ಮೊಟ್ಟೆ. ಎಪ್ಪತ್ತರ ತನಕ ಎಣಿಸಿದೆ. ಎರಡು ದಿನ ಯಂತ್ರಗಳ ಹತ್ತಿರಕ್ಕೂ ಹೋಗಲಿಲ್ಲ, ಕೆಲಸದವರು ನನಗೇನೋ ಆಗಿದೆ ಅಂದುಕೊಂಡರು. ಮೂರನೇ ದಿನ ಎಲ್ಲವೂ ಬೆಳ್ಳಗಾಗಿದ್ದವು. ಬೂಷ್ಟು ಹಿಡಿದಿತ್ತು. ತಾಯಿಯೇ ಒಂದೊಂದನ್ನೇ ಕಿತ್ತು ತಿಂದಿತು.

ಇದಕ್ಕೆ ನಾನು ಏನು ಮಾಡಿದೆ ಹೇಳು. ನೀನು ಹೇಳಿದ್ದನ್ನು ಬಿಟ್ಟು ಬೇರೆ ಏನೂ ಮಾಡಿಲ್ಲ. ಒಂದು ಸಲ ಬಂದು ನೋಡಿ ಹೋಗು. ಎಂಟು ಗಂಟೆಯ ರೈಲು, ಸಮುದ್ರ ದಾಟಬೇಕಾಗಿಲ್ಲ.

ನಿನ್ನ ಅಕ್ಕ

*

ಏಪ್ರಿಲ್ 15

ಅಕ್ಕ,

ಅಂಗಡಿ ಬಿಟ್ಟು ಬರಲು ಆಗುವುದಿಲ್ಲ. ರಿಪೇರಿಗೆ ಬಂದ ಗಡಿಯಾರಗಳು ಗುಡ್ಡೆ ಬಿದ್ದಿವೆ.

ನೀರು ಸರಿಯಿದೆ ಎಂದಮೇಲೆ ತಪ್ಪು ಬೇರೆಲ್ಲೋ ಇದೆ. ಸೋಪು ಮೆತ್ತಿದ ಕೈಯನ್ನು ತೊಟ್ಟಿಗೆ ಹಾಕಿರುತ್ತೀಯ. ಭಾವ ತಿಂಡಿಯ ಚೂರು ಹಾಕಿರುತ್ತಾರೆ. ಗಿರಾಕಿಗಳು ಗಾಜು ತಟ್ಟಿರುತ್ತಾರೆ. ಚಿಕ್ಕಂದಿನಿಂದಲೂ ನೀನು ಹೀಗೇ, ಮುಕ್ಕಾಲು ಕೆಲಸ ಚೆನ್ನಾಗಿ ಮಾಡುತ್ತೀಯ, ಉಳಿದ ಕಾಲು ಭಾಗ ಅಸಡ್ಡೆ. ಶರ್ಟಿನ ಗುಂಡಿ ಒಡೆದರೆ ಹೊಸದು ಹೊಲಿಯಬಹುದು. ಇದಕ್ಕೆ ಹೊಸದು ಎಲ್ಲೂ ಸಿಗುವುದಿಲ್ಲ ಎಂದು ಬರೆದಿದ್ದೆ.

ತಮ್ಮ

*

ಮೇ 22

ತಮ್ಮಾ,

ಕೋಪ ತಣ್ಣಗಾಗಲಿ ಎಂದು ಒಂದು ತಿಂಗಳು ಬರೆಯಲಿಲ್ಲ. ತಣ್ಣಗಾಗಲಿಲ್ಲ.

ಇಪ್ಪತ್ತೆರಡು ವರ್ಷದಲ್ಲಿ ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಹೋಗಿಲ್ಲ. ಒಂದು ಗುಂಡಿಯೂ ಒಡೆದಿಲ್ಲ. ಅಸಡ್ಡೆ ಎಂಬ ಮಾತನ್ನು ನನಗೆ ಹೇಳಲು ನಿನಗೆ ನಾಲಿಗೆ ಹೇಗೆ ಬಂತು. ತೊಟ್ಟಿಗೆ ಕೈ ಹಾಕುವ ಮೊದಲು ಮೊಣಕೈವರೆಗೆ ಬರಿ ನೀರಿನಲ್ಲಿ ತೊಳೆಯುತ್ತೇನೆ. ಗಾಜಿನ ಮೇಲೆ "ತಟ್ಟಬೇಡಿ" ಎಂದು ಬರೆಸಿ ಅಂಟಿಸಿದ್ದೇನೆ. ನಿನ್ನ ಭಾವನನ್ನು ಬೆಂಚಿನಿಂದ ಎಬ್ಬಿಸಿ ಆ ಕಡೆ ಕೂರಿಸಿದ್ದೇನೆ, ಪಾಪ.

ಹೋದ ವಾರ ಮೂರನೇ ಸಲ ಇಟ್ಟಿತು, ಮತ್ತೆ ಬೆಳ್ಳಗಾಯಿತು. ಗಂಡಿನ ಬಣ್ಣ ಮಾಸಿದೆ. ಹೆಣ್ಣು ಬಡಕಲಾಗಿದೆ. ಡಾಕ್ಟರು ಪಟ್ಟಿ ಸುತ್ತಿ ನೋಡಿ, "ಮೀನು ತಂದ್ರಾ?" ಎಂದು ಕೇಳಿದರು. ತಂದಿದ್ದೇನೆ ಎಂದೆ. "ಹಾಗಿದ್ರೆ ಮತ್ತೆ ಯಾಕೆ ಜಾಸ್ತಿ ಆಗಿದೆ?" ಅಂದರು.

ನನ್ನ ಕೈಲಿ ಆಗುವುದಿಲ್ಲ. ಬಂದು ತೆಗೆದುಕೊಂಡು ಹೋಗು.

ಅಕ್ಕ

*

ಜೂನ್ 1

ಅಕ್ಕ,

ಆರರಲ್ಲಿರುವ ನೀರಿನಲ್ಲಿ ಎರಡು ಸಲವೂ ಮೊಟ್ಟೆ ಬೆಳ್ಳಗಾಗಲು ಸಾಧ್ಯವೇ ಇಲ್ಲ. ನೀನು ಏನೋ ಮುಚ್ಚಿಡುತ್ತಿದ್ದೀಯ. ಏನು ಮಾಡಿದೆ ಎಂದು ಹೇಳಿಬಿಡು.

ತಮ್ಮ

*

ಜೂನ್ 8

ತಮ್ಮಾ,

ಆರು ಅಂದವರು ಯಾರು?

ಲಾಂಡ್ರಿಯ ಬಿಲ್ ಪುಸ್ತಕಕ್ಕೆ ಕಾರ್ಬನ್ ಇರುತ್ತದೆ. ನಾನು ನಿನಗೆ ಬರೆದ ಒಂದೊಂದು ಚೀಟಿಯ ಪ್ರತಿಯೂ ನನ್ನ ಹತ್ತಿರ ಇದೆ. ಫೆಬ್ರವರಿ ಮೂರರದ್ದನ್ನು ಹರಿದು ಇದರ ಜೊತೆ ಇಟ್ಟಿದ್ದೇನೆ. ಅಂಕಿಗೆ ಸುತ್ತ ಗೆರೆ ಎಳೆದಿದ್ದೇನೆ. ಎಂಟು. ನೀನು ಕಣ್ಣನ್ನು ಎಲ್ಲಿಟ್ಟುಕೊಂಡು ಓದಿದೆ?

ಎಂಟು ಹುಳಿಯಲ್ಲ ಎಂದು ನನಗೆ ಗೊತ್ತಿತ್ತು. ಏಳು ದಾಟಿದರೆ ಸೋಪಿನ ಕಡೆ, ಏಳರ ಕೆಳಗೆ ಹುಳಿಯ ಕಡೆ, ಇದು ನಮ್ಮಲ್ಲಿ ಹೊಸದಾಗಿ ಸೇರಿದ ಹೆಂಗಸಿಗೂ ಗೊತ್ತು. ಆದರೆ ನೀನಾಗಿ ಅರ್ಥ ಮಾಡಬೇಡ ಅಂದವನು ನೀನು. ಆಮೇಲೆ ನನಗೆ ಬೇಕಾಗಿದ್ದದ್ದು ಅದೇ ಎಂದೂ ಬರೆದೆ. ಇವನಿಗೆ ಅಷ್ಟು ಗೊತ್ತಿದ್ದರೆ ಇರಲಿ ಬಿಡು ಎಂದು ಸುಮ್ಮನಾದೆ. ನಾನು ಮುಚ್ಚಿಟ್ಟದ್ದು ಇಷ್ಟೇ, ಆ ಹಟ. ಅದಕ್ಕೆ ಎರಡು ಸಲದ ಮೊಟ್ಟೆ ಹೋಯಿತು.

ಈಗ ನೀನು ಹೇಳು.

ಅಕ್ಕ

*

ಜುಲೈ 2

ಅಕ್ಕ,

ಈ ಕಾಗದವನ್ನು ನಾಲ್ಕು ದಿನದಿಂದ ಬರೆಯುತ್ತಿದ್ದೇನೆ.

ನನ್ನ ಕಣ್ಣು ಹೋಗುತ್ತಿದೆ. ನಿನಗೆ ರಕ್ತದ ಒತ್ತಡ, ನನಗೆ ಕಣ್ಣಿನ ಒತ್ತಡ. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಪಾಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ಬಲಗಣ್ಣು ಮುಗಿದಿದೆ. ಎಡಗಣ್ಣು ಮುಂಜಾನೆಯ ಮಬ್ಬಿನ ಹಾಗೆ. ದೊಡ್ಡ ಅಕ್ಷರ ನಿನಗಲ್ಲ, ನನಗೆ. ನೀನು ಬರೆದದ್ದನ್ನು ಗಡಿಯಾರದ ಭೂತಗನ್ನಡಿ ಹಾಕಿಕೊಂಡು ಓದುತ್ತಿದ್ದೆ. ಪದ ಮಸುಕಾದರೆ ಅಕ್ಕಪಕ್ಕದ ಪದ ನೋಡಿ ಊಹಿಸಬಹುದು. ಅಂಕಿಗೆ ಅಕ್ಕಪಕ್ಕವಿಲ್ಲ. ಬೋರ್ ನೀರು ಆರು ಎಲ್ಲಿಂದ ತೋರಿಸುತ್ತದೆ ಎಂದು ನನಗೆ ಅನುಮಾನ ಬರಬೇಕಿತ್ತು. ಬೇಕಾದದ್ದನ್ನು ಓದಿಕೊಂಡೆ.

ಮನೆ ಮಾಲೀಕರು ಏನೂ ಅನ್ನಲಿಲ್ಲ, ಅವರು ಒಳ್ಳೆಯವರು. ಡಿಸೆಂಬರಿನಲ್ಲಿ ಮೀನುಗಳಿಗೆ ಬಿಳಿ ಚುಕ್ಕೆ ಬಂತು. ಔಷಧಿಯ ಸೀಸೆಯ ಮೇಲಿನ ಅಳತೆ ತಪ್ಪು ಓದಿದೆ. ಎಂಟು ತೊಟ್ಟಿಗೂ ನಾನೇ ಹಾಕಿದೆ. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಎಲ್ಲವೂ ತೇಲುತ್ತಿದ್ದವು. ಅದೂ ಸರಿಯಾಗಿ ಕಾಣಲಿಲ್ಲ, ಕೈಯಾಡಿಸಿದಾಗ ತಿಳಿಯಿತು. ಕಿಟಕಿಯ ಹತ್ತಿರದ ಜಾಡಿಯಲ್ಲಿದ್ದ ಈ ಎರಡು ಮಾತ್ರ ಉಳಿದವು. ಆ ಜಾಡಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಅದಕ್ಕೇ ಉಳಿದವು.

ಅಂಗಡಿಗೆ ಬೀಗ ಹಾಕಿ ಆರು ತಿಂಗಳಾಯಿತು. ಯಾವ ಗಡಿಯಾರವೂ ಗುಡ್ಡೆ ಬಿದ್ದಿಲ್ಲ.

ನನ್ನ ಕೈಯನ್ನು ನಾನೇ ನಂಬಲಾರದೆ ನಿನಗೆ ಕಳಿಸಿದೆ. ಒಂದು ಗುಂಡಿಯೂ ಒಡೆಯದವಳು ಎಂದು ಗೊತ್ತಿದ್ದೇ ಕಳಿಸಿದೆ. ಆಮೇಲೆ ನಿನಗೇ ಅಸಡ್ಡೆ ಅಂದೆ. ಆ ಮಾತು ಬರೆಯುವಾಗ ಯಾರಿಗೆ ಬರೆಯುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ನಿನಗಲ್ಲ, ನನಗೇ. ಕ್ಷಮಿಸು.

ಯಂತ್ರದ ನೀರು ಬಟ್ಟೆಗೆ ಮೆದು, ಮೀನಿಗಲ್ಲ. ಗಡಸು ಹೋದರೂ ಚೌಳು, ನೀನು ಹೇಳಿದ ಆ ಸೋಪಿನ ಕಡೆಯ ಗುಣ, ಹೋಗುವುದಿಲ್ಲ. ಮಳೆನೀರು ಹಿಡಿ. ಮೊದಲ ಅರ್ಧ ಗಂಟೆಯದು ಬಿಟ್ಟು, ಆಮೇಲಿನದನ್ನು ಬಟ್ಟೆ ಕಟ್ಟಿ ಸೋಸು, ಎಲೆ ಹಾಕಿಡು. ಒಂದೇ ಸಲ ಬದಲಿಸಬೇಡ, ಎರಡು ದಿನಕ್ಕೊಮ್ಮೆ ಐದರಲ್ಲಿ ಒಂದು ಪಾಲು. ಅಂಕಿ ನೀನೇ ನೋಡು. ಅರ್ಥವನ್ನೂ ನೀನೇ ಮಾಡು.

ಇದು ಮನೆತನದಲ್ಲಿ ಬರುವ ಕಾಯಿಲೆಯಂತೆ. ನಿನ್ನ ಕಣ್ಣು ತೋರಿಸು.

ತಮ್ಮ

*

ಜುಲೈ 10

ಮುಳ್ಳು,

ನಿನ್ನ ಕಾಗದವನ್ನು ಇಸ್ತ್ರಿ ಮೇಜಿನ ಹತ್ತಿರ ನಿಂತು ಓದಿದೆ. ಮುಗಿಸುವಷ್ಟರಲ್ಲಿ ಒಬ್ಬರ ಪ್ಯಾಂಟು ಸುಟ್ಟುಹೋಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲನೇ ಸಲ. ಅದೂ ನಿನ್ನ ಲೆಕ್ಕಕ್ಕೇ.

ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಕಣ್ಣು ಕಾಣುವುದಿಲ್ಲ ಎಂದು ಒಂದು ಸಾಲು ಬರೆಯಲು ನಿನಗೆ ಆರು ತಿಂಗಳು ಬೇಕಾಯಿತು, ನನ್ನನ್ನು ಬೈಯಲು ಒಂದು ವಾರ ಸಾಕಾಯಿತು. ನಾನು ಬೇಕೆಂದೇ ಚಿಕ್ಕದಾಗಿ ಬರೆದೆನಲ್ಲ, ಅದು ನೆನಪಾದಾಗಲೆಲ್ಲ ನನ್ನ ಕೈಯನ್ನೇ ಇಸ್ತ್ರಿಪೆಟ್ಟಿಗೆಯ ಕೆಳಗೆ ಇಡಬೇಕು ಅನ್ನಿಸುತ್ತದೆ. ಇಲ್ಲಿಗೆ ಬಂದುಬಿಡು. ಮೇಲಿನ ಕೋಣೆ ಖಾಲಿ ಇದೆ.

ಮಹಡಿಯ ಮೇಲೆ ಮೂರು ಡ್ರಮ್ಮು ಇಡಿಸಿ ಬಾಯಿಗೆ ಹಳೆ ಪಂಚೆ ಕಟ್ಟಿದ್ದೇನೆ. ಮಳೆ ಬರುತ್ತಿದೆ. ನಿನ್ನ ಭಾವ ಕೊಡೆ ಹಿಡಿದುಕೊಂಡು ಡ್ರಮ್ಮು ಕಾಯುತ್ತಾ ನಿಂತಿದ್ದಾರೆ, ಯಾರು ಕದಿಯುತ್ತಾರೋ ಗೊತ್ತಿಲ್ಲ. ಕಣ್ಣು ತೋರಿಸಿದೆ, ನನ್ನದು ಸರಿಯಿದೆಯಂತೆ.

ದೊಡ್ಡದಾಗಿ ಬರೆದಿದ್ದೇನೆ. ಓದಲು ಆಯಿತಾ ಹೇಳು.

ಅಕ್ಕ

*

ಆಗಸ್ಟ್ 29

ಮುಳ್ಳು,

ನೀರು ಆರು. ಅಂಕಿಯಲ್ಲ, ಅಕ್ಷರದಲ್ಲಿ ಬರೆದಿದ್ದೇನೆ. ಆರು.

ಹೆಣ್ಣು ಹತ್ತೊಂಬತ್ತನೇ ತಾರೀಖು ಹಳದಿಯಾಯಿತು. ಈ ಸಲದ ಮೊಟ್ಟೆ ಬೆಳ್ಳಗಾಗಲಿಲ್ಲ. ನಿನ್ನೆ ಬೆಳಿಗ್ಗೆ ಶಟರ್ ಎತ್ತಿ ಬಂದು ನೋಡಿದೆ, ಕುಂಡದ ಬಾಯಿಂದ ಧೂಳೆದ್ದ ಹಾಗೆ ಮರಿಗಳು ಹೊರಗೆ ಬಂದವು. ಅವಳು ಮುಂದೆ ಹೋಗಿ ಒಂದು ಸಲ ಮೈ ಅದುರಿಸಿದರೆ ಸಾಕು, ಅಷ್ಟೂ ಮರಳಿಗೆ ಅಂಟಿಕೊಂಡು ಮಾಯ. ನಾನು ಬೆಂಚಿನ ಮೇಲೆ ಕೂತು ಅತ್ತೆ. ಬಟ್ಟೆ ತೆಗೆದುಕೊಳ್ಳಲು ಬಂದವರೊಬ್ಬರು ಹೇಳದೆ ಕೇಳದೆ ವಾಪಸು ಹೋದರು.

ಗಂಡು ಉಳಿಯಲಿಲ್ಲ. ಮೊನ್ನೆ ಸತ್ತಿತು, ವಯಸ್ಸಾಗಿತ್ತು. ಇನ್ನೊಂದು ಸಲ ಮರಿ ಮಾಡುವ ಮಾತೇ ಇಲ್ಲ. ಇರುವುದು ಇವಿಷ್ಟೇ. ಏನು ತಿನ್ನಿಸಲಿ ಬೇಗ ಬರೆ. ನೀನೇ ಬಂದರೆ ಇನ್ನೂ ಬೇಗ.

ಅಕ್ಕ

*

ಸೆಪ್ಟೆಂಬರ್ 7

ಅಕ್ಕ,

ಬೇಯಿಸಿದ ಕೋಳಿಮೊಟ್ಟೆಯ ಹಳದಿ ಭಾಗ. ತೆಳು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಂಡು. ಸಾಸಿವೆಯಷ್ಟು. ದಿನಕ್ಕೆ ನಾಲ್ಕು ಸಲ. ಉಳಿದದ್ದನ್ನು ತೆಗೆ.

ನಾನು ಬರುವುದಿಲ್ಲ. ಬಂದು ಏನು ನೋಡಲಿ.

ತಮ್ಮ

*

ಡಿಸೆಂಬರ್ 18

ಮುಳ್ಳು,

ನಿನ್ನ ಹೋದ ಕಾಗದದಲ್ಲಿ ಸಾಲಿನ ಮೇಲೆ ಸಾಲು ಹತ್ತಿಕೊಂಡಿದ್ದವು. ನಾನು ಆಮೇಲೆ ನಾಲ್ಕು ಬರೆದೆ, ನಿನ್ನಿಂದ ಒಂದೂ ಇಲ್ಲ. ಗೋಡೆಗೆ ಬರೆದ ಹಾಗಾಯಿತು. ಇದಕ್ಕಾದರೂ ಯಾರ ಕೈಯಲ್ಲಾದರೂ ಉತ್ತರ ಬರೆಸು.

ಐವತ್ತರಲ್ಲಿ ಒಂಬತ್ತು ಉಳಿದಿವೆ. ತಾಯಿ ಅಕ್ಟೋಬರಿನಲ್ಲಿ ಹೋಯಿತು. ನಾಲ್ಕು ಗಂಡು, ಐದು ಹೆಣ್ಣು. ಗಂಡುಗಳು ಒಂದನ್ನೊಂದು ಹರಿದು ತಿನ್ನಲು ಶುರುಮಾಡಿವೆ, ಬೇಗ ಬೇರೆ ಮಾಡಬೇಕು. ನನ್ನ ಹತ್ತಿರ ಜಾಗವಿರುವುದು ಒಂದು ಜೋಡಿಗೆ. ನಾಲ್ಕಕ್ಕೂ ಬಾಲದಲ್ಲಿ ನೀಲಿ ಇದೆ, ನಾಲ್ಕೂ ಬೇರೆ ಬೇರೆ. ನಿನ್ನ ನೀಲಿ ಯಾವುದು?

ಅಕ್ಕ

*

ಜನವರಿ 4

ಅಕ್ಕ,

ಟೈಲರ ಕೈಯಲ್ಲಿ ಬರೆಸುತ್ತಿದ್ದೇನೆ. ನೀನು ಬರೆದದ್ದನ್ನೂ ಅವರೇ ಓದಿ ಹೇಳಿದರು.

ಒಂಬತ್ತು ಅಂದರೆ ಬಹಳ. ನಾನಾಗಿದ್ದರೂ ಅಷ್ಟು ಉಳಿಸುತ್ತಿರಲಿಲ್ಲವೇನೋ. ನಾಲ್ಕನ್ನೂ ಒಂದೊಂದಾಗಿ ನೋಡಿ, ನೀಲಿ ಎಂಥದು ಎಂದು ವಿವರವಾಗಿ ಬರೆ. ಗಾಢವೋ ತೆಳುವೋ, ಹಸಿರು ಬೆರೆತಿದೆಯೋ, ಅಂಚಿಗೆ ಮುಟ್ಟುತ್ತದೆಯೋ. ಕೇಳಿ ಆರಿಸುತ್ತೇನೆ. ತಪ್ಪಿದರೆ ಎರಡೇ ತಲೆಮಾರಿಗೆ ಅದು ಅಂಗಡಿಯ ಮೀನಾಗುತ್ತದೆ.

ಬಾ ಬಾ ಎಂದು ಬರೆಯಬೇಡ. ಎಡಗಣ್ಣಿನಲ್ಲಿ ಇನ್ನೂ ಒಂದಿಷ್ಟು ಬೆಳಕಿದೆ, ಅಂಗಡಿಯ ಜಗಲಿಯವರೆಗೆ ನಡೆಯಲು ಸಾಕು.

ತಮ್ಮ

ಅಮ್ಮಾ, ಇದು ಟೈಲರ್ ಬರೆಯುವುದು. ಅವರು ಹೇಳಿದ್ದನ್ನು ಹಾಗೇ ಬರೆದಿದ್ದೇನೆ. ಊಟ ಸರಿಯಾಗಿ ಮಾಡುತ್ತಿಲ್ಲ ಎಂದು ಬರೆಯಬೇಡ ಅಂದರು, ಆದ್ದರಿಂದ ಅದನ್ನು ಬರೆದಿಲ್ಲ.

*

ಜನವರಿ 14

ಮುಳ್ಳು,

ನಿನ್ನ ಕಾಗದ ಬಂದಾಗಿನಿಂದ ನೀಲಿ ಬರೆಯಲು ಕೂತಿದ್ದೇನೆ. ಮೊದಲನೆಯದು ಬಿಳಿ ಬಟ್ಟೆ ಜಾಲಿಸುವ ನೀರಿಗೆ ಎರಡು ಹನಿ ನೀಲಿ ಬಿಟ್ಟ ಹಾಗೆ ಎಂದು ಬರೆದೆ. ಬೆಳಿಗ್ಗೆ ನೋಡಿದರೆ ಮೂರು ಹನಿ. ಆ ಕಡೆ ತಿರುಗಿದರೆ ಹಸಿರು, ಸಿಟ್ಟು ಬಂದರೆ ಕಪ್ಪು. ಎರಡನೆಯದಕ್ಕೆ ಬರೆದ ಮಾತು ನಾಲ್ಕನೆಯದಕ್ಕೂ ಹೊಂದುತ್ತದೆ. ನಿನ್ನ ಭಾವನನ್ನು ಕೇಳಿದರೆ, "ನೀಲಿ ಅಂದ್ರೆ ನೀಲಿನೇ ಕಣೆ, ಅದರಲ್ಲಿ ಇನ್ನೇನಿದೆ" ಅಂದರು. ಐದು ಚೀಟಿ ಹರಿದು ಹಾಕಿದೆ. ಹತ್ತೊಂಬತ್ತು ತಲೆಮಾರು ನೀನು ಕಣ್ಣಿನಲ್ಲಿ ಆರಿಸಿದ್ದನ್ನು ನಾನು ಮಾತಿನಲ್ಲಿ ಬರೆಯುವುದು ಆಗುವ ಕೆಲಸವಲ್ಲ. ನನಗೆ ಸಾಕಾಗಿದೆ.

ಆ ಒಂದಿಷ್ಟು ಬೆಳಕನ್ನು ಬೀಗ ಹಾಕಿದ ಅಂಗಡಿಯ ಜಗಲಿಯ ಮೇಲೆ ಕಳೆಯಬೇಡ. ಇಲ್ಲಿ ಹತ್ತು ಗಂಟೆಗೆ ಮುಂದಿನ ಕೋಣೆಗೆ ಬಿಸಿಲು ನೇರವಾಗಿ ಬೀಳುತ್ತದೆ. ನಾಲ್ಕನ್ನೂ ಒಂದೊಂದಾಗಿ ಬಿಳಿ ಬಟ್ಟಲಿಗೆ ಹಾಕಿ ನಿನ್ನ ಕಣ್ಣಿನ ಹತ್ತಿರ ಹಿಡಿಯುತ್ತೇನೆ. ಎಷ್ಟು ಹೊತ್ತಾದರೂ ನೋಡು, ಕೈ ನೋವು ಅನ್ನುವುದಿಲ್ಲ. ಇದು ಎಂದು ನೀನು ಒಂದು ಸಲ ತೋರಿಸಿದರೆ ಆ ನೀಲಿಯನ್ನು ನಾನು ಮರೆಯುವುದಿಲ್ಲ. ಮುಂದಿನ ತಲೆಮಾರುಗಳನ್ನು ನಾನು ಆರಿಸುತ್ತೇನೆ.

ಬರುವುದಿಲ್ಲ ಎಂದು ಇನ್ನೊಂದು ಕಾಗದ ಬರೆಸಬೇಡ. ನಾನು ಇದನ್ನು ಟಪಾಲಿಗೆ ಹಾಕಿಲ್ಲ, ನಿನ್ನ ಭಾವನ ಜೇಬಿನಲ್ಲಿ ಇಟ್ಟಿದ್ದೇನೆ. ಈಗ ನಿನ್ನ ಮುಂದೆ ಕೂತು ಇದನ್ನು ಓದಿ ಹೇಳುತ್ತಿರುವವರು ಅವರೇ. ರೈಲು ಐದೂವರೆಗೆ. ಓದಿ ಮುಗಿಯಿತು, ಚಪ್ಪಲಿ ಹಾಕಿಕೊ.

ನಿನ್ನ ಅಕ್ಕ